ಪುಕ್ಕಟೆ ಸಿಗುವ ‘ನಿಗ್ರಾ ಸುಮ್’: ಯಾವ ಪ್ರತಿ ಇಳಿಸಿಕೊಳ್ಳಬೇಕು?

ನಾಲ್ಕು ದನಿಯ ಕೀರ್ತನೆ ಹಾಡಿ ಪಳಗಿದ ಹುಬ್ಬಳ್ಳಿ-ಧಾರವಾಡದ ಚರ್ಚ್ ಕಾಯರ್‌ಗಳಿಗೆ ಮುಂದಿನ ಮೆಟ್ಟಿಲಾಗಿ 16ನೇ ಶತಮಾನದ ಇಟಲಿಯ ಸಂಗೀತಕಾರ ಪ್ಯಾಲೆಸ್ಟ್ರೀನಾನ ‘ನಿಗ್ರಾ ಸುಮ್’ ಒಳ್ಳೆಯ ಆಯ್ಕೆ. ಬೈಬಲಿನ ಪರಮಗೀತೆಯ ಲ್ಯಾಟಿನ್ ಸಾಲುಗಳಿಗೆ ಆತ ಕಟ್ಟಿದ ಐದು ದನಿಯ 29 ಮೋಟೆಟ್‌ಗಳು (ಹಲವು ದನಿಯ ಭಕ್ತಿಗೀತೆಗಳು) 1584ರಲ್ಲಿ ಅಚ್ಚಾದವು, ಇದು ಮೂರನೆಯದು. ‘ಕಪ್ಪಗಿದ್ದೇನೆ, ಆದರೂ ಚೆಲುವೆ’ ಎನ್ನುವ ಹುಡುಗಿಯ ಮಾತು. ಪೋಪ್ 13ನೇ ಗ್ರೆಗೊರಿಗೆ ಬರೆದ ಅರ್ಪಣೆಯಲ್ಲಿ, ಹಿಂದೆ ಲೌಕಿಕ ಪ್ರೇಮಗೀತೆ ಕಟ್ಟಿದ್ದಕ್ಕೆ ನಾಚಿಕೆಯಾಗಿದೆ ಎಂದಿದ್ದಾನೆ. ಹಾಗೆಂದವನ ಈ ಪುಸ್ತಕದ ತುಂಬ ಇರುವುದೂ ಪ್ರೇಮವೇ!

ಸ್ವರಲಿಪಿಗಳ ಪುಕ್ಕಟೆ ಜಾಲತಾಣ ಐಎಂಎಸ್‌ಎಲ್‌ಪಿಯಲ್ಲಿ ಸಿಗುವ, ಬ್ರೈಟ್‌ಕಾಫ್ ಪ್ರಕಾಶನದ 19ನೇ ಶತಮಾನದ ಸಂಪುಟದ ಸ್ಕ್ಯಾನ್ ನೋಡಲು ಚಂದ, ತಾಲೀಮಿಗೆ ಬರುವುದಿಲ್ಲ. ಅದರಲ್ಲಿರುವುದು ಹಳೆಯ ಕ್ಲೆಫ್‌ಗಳು (ಯಾವ ಗೆರೆ ಯಾವ ಸ್ವರವೆಂದು ತಿಳಿಸುವ ಸಾಲಿನ ಮೊದಲ ಗುರುತು), ಪಿಯಾನೊ ಕಲಿತವರೂ ತಡವರಿಸುತ್ತಾರೆ. ಕಾಯರ್ ಹಾಡುಗಳ ಪುಕ್ಕಟೆ ಜಾಲತಾಣ ಸಿಪಿಡಿಎಲ್‌ನಲ್ಲಿ ಈಗಿನ ಕ್ಲೆಫ್‌ಗೆ ತಂದ ಪ್ರತಿ ಹುಡುಕಿ. ಎ4 ಪುಟಕ್ಕೆ ದನಿಗೊಂದರಂತೆ ಐದೈದು ಸಾಲಿನ ಎರಡೇ ಪಟ್ಟಿ ಇದ್ದರೆ ಸಾಕು; ಮೂರು ತುರುಕಿದ್ದರೆ ಝೆರಾಕ್ಸ್‌ನಲ್ಲಿ ಸಾಹಿತ್ಯ ಓದಲಾಗದು.

ಪ್ರಿಂಟ್ ಕೊಡುವ ಮುನ್ನ ಸ್ವರಗಳ ಮೇಲೆ ಚಿಕ್ಕ ಶಾರ್ಪ್-ಫ್ಲಾಟ್ (ಸ್ವರವನ್ನು ಅರ್ಧ ಏರಿಸುವ-ಇಳಿಸುವ) ಗುರುತುಗಳಿವೆಯೇ ನೋಡಿ. ಪೇಟಿಯ (ಹಾರ್ಮೋನಿಯಂ) ಬಿಳಿ 5ನ್ನು, ಅಂದರೆ ಜಿ ಸ್ವರವನ್ನು, ಷಡ್ಜ ಮಾಡಿಕೊಂಡರೆ ಇದರ ಸ್ವರಗಳು ಕಾಫಿ ಥಾಟಿನವು. ನಮ್ಮ ಕಡೆ ಹಿಂದುಸ್ತಾನಿ ಕಿವಿ ಇರುವವರಿಗೆ ಇದು ಅನುಕೂಲವೂ ಹೌದು, ಅಪಾಯವೂ ಹೌದು. ಷಡ್ಜಕ್ಕೆ ಬಂದು ನಿಲ್ಲುವಲ್ಲಿ ಅದರ ಹಿಂದಿನ ನಿಷಾದವನ್ನು ಸಾಮಾನ್ಯವಾಗಿ ಶುದ್ಧ ಮಾಡಬೇಕು. ಆ ಕಾಲದವರು ಇದನ್ನು ಎಷ್ಟೋ ಕಡೆ ಬರೆಯುತ್ತಿರಲಿಲ್ಲ, ಹಾಡುವವರಿಗೆ ಗೊತ್ತಿರುತ್ತಿತ್ತು. ಗುರುತಿಲ್ಲದ ಪ್ರತಿ ಕೊಟ್ಟರೆ ಒಬ್ಬರು ಕೋಮಲ, ಇನ್ನೊಬ್ಬರು ಶುದ್ಧ ಹಿಡಿದು ಮುಕ್ತಾಯವೇ ಕೆಡುತ್ತದೆ. ಮೀಂಡ್ (ಸ್ವರದಿಂದ ಸ್ವರಕ್ಕೆ ಜಾರುವುದು) ಕೂಡ ಬೇಡ. ಐದು ದನಿ ಒಟ್ಟಿಗೆ ಜಾರಿದರೆ ಯಾವ ಸ್ವರವೂ ನಿಲ್ಲುವುದಿಲ್ಲ. ಪೇಟಿಯಿಂದ ಷಡ್ಜ ಕೊಟ್ಟು ಮುಚ್ಚಿಬಿಡಿ. ಅದರ ಷಡ್ಜ-ಶುದ್ಧ ಗಾಂಧಾರದ ಅಂತರ ಸಹಜ ಅಂತರಕ್ಕಿಂತ ಸುಮಾರು 14 ಸೆಂಟ್ (ಅರ್ಧ ಸ್ವರದ ನೂರನೇ ಒಂದು ಪಾಲು ಒಂದು ಸೆಂಟ್) ಅಗಲ, ದನಿಗಳು ತಾವಾಗಿ ಕೂಡಿಕೊಳ್ಳಲು ಬಿಡುವುದಿಲ್ಲ. ತಂಬೂರಿ ಇದ್ದರೆ ಅಭ್ಯಾಸಕ್ಕೆ ಅದೇ ಮೇಲು.

ಮಾತ್ರೆಗಳನ್ನು ಗುಂಪು ಮಾಡುವ ಉದ್ದುದ್ದ ಬಾರ್ ಗೆರೆಗಳು ಮೂಲದಲ್ಲಿಲ್ಲ, ಸಂಪಾದಕರು ಸೇರಿಸಿದ್ದು. ಪ್ರತಿ ಗೆರೆಗೂ ಸಮ (ತಾಳದ ಮೊದಲ ಪೆಟ್ಟು) ಬಂತೆಂದು ಒತ್ತಿದರೆ ಹಾಡು ಕುಂಟುತ್ತದೆ. ಒತ್ತು ಪದದ್ದು, ಒಂದೊಂದು ದನಿಗೆ ಒಂದೊಂದು ಕಡೆ ಬೀಳುತ್ತದೆ.

ಸಾಹಿತ್ಯವನ್ನು ಕನ್ನಡ ಅಕ್ಷರದಲ್ಲಿ ಬರೆದುಕೊಡಿ, ಆದರೆ ಇಟಲಿಯ ಚರ್ಚ್ ಉಚ್ಚಾರದಂತೆ: ‘ಪುನ್ಯಾವೆರುಂತ್’, ‘ಚೇದಾರ್’, ‘ಕ್ವಿಆ’. ಕೊನೆಯ ವ್ಯಂಜನಕ್ಕೆ ಉಕಾರ ಅಂಟಿಸುವುದು ನಮ್ಮ ಚಾಳಿ. ‘ಸೋಲ್’ ಎಂದರೆ ಸೂರ್ಯ. ‘ಸೋಲು’ ಎಂದು ಹಾಡಿದರೆ ಕೇಳುವವರು ನಗುತ್ತಾರೆ.

ನಿಜವಾದ ಅಡಚಣೆ ಟೆನರ್, ಅಂದರೆ ಗಂಡಸರ ಮೇಲಿನ ದನಿ. ಐದನೆಯ ದನಿ ‘ಕ್ವಿಂತುಸ್’ ಎರಡನೇ ಟೆನರ್ ಇದ್ದಂತೆ, ಎರಡೂ ಒಂದನ್ನೊಂದು ದಾಟುತ್ತ ಹೋಗುತ್ತವೆ. ದನಿಗೆ ಇಬ್ಬರಂತೆ ಹತ್ತು ಜನ ಕನಿಷ್ಠ ಬೇಕು. ಗಂಡಸರು ಕಡಿಮೆಯಿದ್ದರೆ ಆಲ್ಟೊ (ಹೆಂಗಸರ ಕೆಳದನಿ) ಹಾಡುವವರಲ್ಲಿ ದನಿ ಇನ್ನೂ ಕೆಳಗಿರುವವರು ಒಂದು ಟೆನರ್ ಸಾಲನ್ನು ಇದ್ದ ಎತ್ತರದಲ್ಲೇ ಹಾಡಲಿ. ಒಂದು ಸಪ್ತಕ ಕೆಳಗಿಳಿಸಿ ಗಂಡಸರ ತಲೆಗೆ ಕಟ್ಟಿದರೆ ಅದು ಬೇಸ್‌ಗಿಂತ ಕೆಳಗೆ ಹೋಗಿ ಆಧಾರವೇ ತಪ್ಪುತ್ತದೆ. ಇಡೀ ಹಾಡಿನ ಷಡ್ಜವನ್ನು ಬಿಳಿ 4ಕ್ಕೆ ಇಳಿಸಿದರೆ ತಪ್ಪಿಲ್ಲ. ಆ ಕಾಲದಲ್ಲಿ ಶ್ರುತಿ ಎಲ್ಲೆಡೆ ಒಂದೇ ಇರಲಿಲ್ಲ.