ಮೊಲಕ್ಕೆ ಯಾವ ರೈಫಲ್? ಹಾರ್ನೆಟ್, ಟ್ರಿಪಲ್ ಟು, ಟು-ಟು-ತ್ರೀ: ಮೂರು ಚಳಿಗಾಲದ ಹೋಲಿಕೆ

"ಮೊಲಕ್ಕೆ .22 ಸಾಕಲ್ವಾ? ಅದಕ್ಯಾಕೆ ಇಷ್ಟೆಲ್ಲ?" ಅಂತ ಮೆಲ್ಬರ್ನ್‌ನ ನಮ್ಮ ಕನ್ನಡದ ಗೆಳೆಯರು ಕೇಳುತ್ತಲೇ ಇರುತ್ತಾರೆ. ಸಾಕು, ಐವತ್ತು-ಅರವತ್ತು ಮೀಟರ್‌ವರೆಗೆ. (ಈ .22, .17 ಅನ್ನುವುದೆಲ್ಲ ಸುಮಾರಾಗಿ ಗುಂಡಿನ ಅಗಲ, ಇಂಚಿನಲ್ಲಿ.) ವಿಕ್ಟೋರಿಯಾದಲ್ಲಿ ಲೈಸೆನ್ಸ್ ಸಿಕ್ಕಿದ ಮೇಲೆ ಬಹಳ ಜನ ಮೊದಲು ಕೊಳ್ಳುವುದು .22 ರಿಮ್‌ಫೈರ್ ರೈಫಲನ್ನೇ. ನಾನೂ ಅದನ್ನೇ ಕೊಂಡೆ. ಆದರೆ ಹೀತ್‌ಕೋಟ್ ಹತ್ತಿರ ನನಗೆ ಅನುಮತಿ ಇರುವ ಕುರಿ ಫಾರಂನಲ್ಲಿ ಮೊಲಗಳು ಬಿಲದ ಬಾಯಲ್ಲೇ ಕೂತಿರುತ್ತವೆ. ಎಂಬತ್ತು ಮೀಟರ್ ಒಳಗೆ ಕಾಲಿಟ್ಟರೆ ಸಾಕು, ಒಂದು ಮೊಲ ಹಿಂಗಾಲಿನಿಂದ ನೆಲ ಬಡಿಯುತ್ತದೆ, ಉಳಿದವೆಲ್ಲ ಒಳಗೆ. ಇನ್ನೊಂದು ತೊಂದರೆ ಬಂಡೆಗಳದ್ದು. ಆ ಕಡೆಯೆಲ್ಲ ಗ್ರಾನೈಟ್. .22ರ ನಿಧಾನದ ಸೀಸದ ಗುಂಡು ಕಲ್ಲಿಗೆ ತಾಗಿದರೆ 'ಜುಂಯ್' ಅಂತ ಎಲ್ಲಿಗೋ ಸಿಡಿಯುತ್ತದೆ. ಆ ಸದ್ದು ಎರಡು ಸಲ ಕೇಳಿದ ಮೇಲೆ ನನಗೆ ಅದರ ಮೇಲಿನ ಆಸೆ ಹೋಯಿತು. ತೆಳು ತಾಮ್ರದ ಹೊದಿಕೆಯ, ವೇಗದ ಗುಂಡಾದರೆ ನೆಲಕ್ಕೋ ಕಲ್ಲಿಗೋ ತಾಗಿದ ಕೂಡಲೇ ಬಹುಮಟ್ಟಿಗೆ ಪುಡಿಯಾಗುತ್ತದೆ.

ಹಾಗಾದರೆ ಇನ್ನೂ ಸಣ್ಣ, ವೇಗದ ಗುಂಡಿನ .17 ಎಚ್‌ಎಂಆರ್ ತಗೋಬಹುದಿತ್ತಲ್ಲ? ತಗೋಬಹುದಿತ್ತು. ನೂರೈವತ್ತು ಮೀಟರ್‌ವರೆಗೆ ಚೆನ್ನಾಗಿಯೇ ಹೊಡೆಯುತ್ತದೆ. ಆದರೆ ಅದೂ ರಿಮ್‌ಫೈರ್. ರಿಮ್‌ಫೈರ್ ತೋಟಾದಲ್ಲಿ ಕಿಡಿ ಹತ್ತುವ ಮದ್ದು ಅಂಚಿನ ಸುತ್ತ ಒಳಗೇ ಇರುತ್ತದೆ. ಕುದುರೆ ಬಡಿದಾಗ ಆ ಅಂಚೇ ಜಜ್ಜಿಹೋಗುತ್ತದೆ. ಒಂದು ಸಲ ಹೊಡೆದರೆ ಖಾಲಿ ಹಿತ್ತಾಳೆ ಕೇಸು ಕಸ. ಸೆಂಟರ್‌ಫೈರ್‌ನಲ್ಲಿ ಹಾಗಲ್ಲ. ತಳದ ನಡುವೆ ಕಿಡಿ ಹತ್ತಿಸುವ ಬೇರೆಯೇ ಒಂದು ಪುಟ್ಟ ಕೇಪು ಕೂತಿರುತ್ತದೆ. ಅದನ್ನು ತೆಗೆದು ಹೊಸದು ಕೂರಿಸಿ, ಮದ್ದು ಅಳೆದು ಹಾಕಿ, ಗುಂಡು ಒತ್ತಿದರೆ ಅದೇ ಹಿತ್ತಾಳೆ ಮತ್ತೆ ತೋಟಾ. ನಮ್ಮ ಮಲೆನಾಡಿನ ಮನೆಯಲ್ಲಿ ಅಜ್ಜನದೊಂದು ಕೇಪಿನ ಕೋವಿ ಇತ್ತು. ಮದ್ದು ಸುರಿದು, ತೆಂಗಿನ ನಾರು ಜಡಿದು, ಚರೆ ಹಾಕುವುದನ್ನು ನೋಡುತ್ತಾ ಬೆಳೆದವನಿಗೆ ಈ ತುಂಬುವ ಕೆಲಸವೇ ಅರ್ಧ ಖುಷಿ. ಅದನ್ನು ಬಿಟ್ಟು ಪೆಟ್ಟಿಗೆ ಪೆಟ್ಟಿಗೆ ತೋಟಾ ಕೊಳ್ಳುವುದಕ್ಕೆ ನನಗೆ ಮನಸ್ಸಿಲ್ಲ.

ಇಲ್ಲಿ ಒಂದು ಮಾತು. ನಾವು ಕನ್ನಡದಲ್ಲಿ ಎರಡನ್ನೂ ಮೊಲ ಅನ್ನುತ್ತೇವೆ. ಊರಿನ ಕಾಡುಮೊಲ ಬಿಲ ತೋಡುವುದಿಲ್ಲ, ಪೊದೆ ಬುಡದಲ್ಲಿ ಮಲಗುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಈಗ ಅದನ್ನು ಹೊಡೆಯುವಂತಿಲ್ಲ, ಹೊಡೆಯಲೂ ಬಾರದು. ಇಲ್ಲಿಯದು ಯುರೋಪಿನ ಬಿಲದ ಮೊಲ. 1859ರಲ್ಲಿ ಥಾಮಸ್ ಆಸ್ಟಿನ್ ಅನ್ನುವ ಜಮೀನ್ದಾರ ವಿಂಚೆಲ್ಸೀ ಹತ್ತಿರದ ತನ್ನ ಬಾರ್ವನ್ ಪಾರ್ಕ್ ಎಸ್ಟೇಟಿನಲ್ಲಿ ಶಿಕಾರಿಗಿರಲಿ ಅಂತ ಸುಮಾರು ಎರಡು ಡಜನ್ ಬಿಟ್ಟ. ಮುಂದಿನ ಐವತ್ತು ವರ್ಷದಲ್ಲಿ ಅವು ಖಂಡದ ಬಹುಪಾಲು ತುಂಬಿಕೊಂಡವು. 1950ರಲ್ಲಿ ಮಿಕ್ಸೊಮಾಟೋಸಿಸ್ ರೋಗ ಬಿಟ್ಟರು. 1995ರಲ್ಲಿ ವಾರ್ಡಾಂಗ್ ದ್ವೀಪದ ಪರೀಕ್ಷಾ ಕೇಂದ್ರದಿಂದ ಕ್ಯಾಲಿಸಿವೈರಸ್ ತಪ್ಪಿಸಿಕೊಂಡು ಹರಡಿತು. ಎರಡಕ್ಕೂ ಮೊಲ ಪೂರ್ತಿ ಬಗ್ಗಲಿಲ್ಲ. ಹಾಗಾಗಿ ಶನಿವಾರ ಸಂಜೆ ಹೋಗಿ ನಾನೊಬ್ಬ ಮುಗಿಸಿಬಿಡುತ್ತೇನೆ ಅನ್ನುವ ಭ್ರಮೆ ನನಗಿಲ್ಲ. ಫಾರಂನವರಿಗೆ ಸ್ವಲ್ಪ ಉಪಕಾರ, ನನಗೆ ಎರಡು ಮೊಲದ ಸಾರು. ಮಿಕ್ಸೊಮಾಟೋಸಿಸ್ ಹಿಡಿದು ಕಣ್ಣು ಊದಿದ ಮೊಲ ಕಂಡರೆ ಹೊಡೆಯುತ್ತೇನೆ, ಮನೆಗೆ ತರುವುದಿಲ್ಲ.

ತಿನ್ನುವ ಮಾತು ಯಾಕೆ ಹೇಳಿದೆ ಅಂದರೆ, ಇಡೀ ಆಯ್ಕೆ ನಿಂತಿರುವುದೇ ಅದರ ಮೇಲೆ. ಸುಮ್ನೆ ಹೊಡೆದು ಬಿಡುವವರಿಗೆ ಯಾವುದಾದರೂ ಆದೀತು.

ಮೂರು ಚಳಿಗಾಲದಲ್ಲಿ ಮೂರು ರೈಫಲ್ ಸರದಿಯಂತೆ ಒಯ್ದೆ, ಮೂರೂ ಸೆಂಟರ್‌ಫೈರ್. ಮೊದಲು ರೈಫಲಿನ ಹೆಸರು, ಆಮೇಲೆ ಅದಕ್ಕೆ ಹಾಕುವ ತೋಟಾದ ಹೆಸರು ಹೇಳುತ್ತೇನೆ. ಸಿಜೆಡ್ 527, .22 ಹಾರ್ನೆಟ್‌ನದು. ಸೆಕೆಂಡ್ ಹ್ಯಾಂಡ್ ಸಾಕೊ ವಿಕ್ಸನ್, .222 ರೆಮಿಂಗ್ಟನ್. ಟಿಕ್ಕಾ ಟಿ3ಎಕ್ಸ್, .223 ರೆಮಿಂಗ್ಟನ್. ಲಿಟಲ್ ರಿವರ್ ರೇಂಜಿನಲ್ಲಿ ಗುರಿ ಸರಿ ಮಾಡಿಕೊಂಡು, ಫಾರಂನಲ್ಲಿ ಹೊಡೆದ ಪ್ರತಿ ಮೊಲದ ದೂರವನ್ನು ರೇಂಜ್‌ಫೈಂಡರ್‌ನಲ್ಲಿ ನೋಡಿ ಪುಸ್ತಕದಲ್ಲಿ ಬರೆದಿಟ್ಟೆ. ಮೊದಲ ಆಶ್ಚರ್ಯ ಅಲ್ಲೇ. ಹತ್ತರಲ್ಲಿ ಎಂಟು ಮೊಲ 80ರಿಂದ 130 ಮೀಟರ್ ಒಳಗಿನವು. ಇನ್ನೂರು ಮೀಟರ್ ಹೊಡೆತ ಅಂತ ಮಾತಿನಲ್ಲಿ ಹೊಡೆದಷ್ಟು ಹೊಲದಲ್ಲಿ ಯಾರೂ ಹೊಡೆಯುವುದಿಲ್ಲ, ನಾನೂ ಸೇರಿ.

ಹಾರ್ನೆಟ್‌ನಿಂದ ಶುರು ಮಾಡುತ್ತೇನೆ, ಯಾಕೆಂದರೆ ನಾನು ಮೊದಲು ಮನಸೋತದ್ದು ಅದಕ್ಕೆ. ಹೆಸರಿನ ಅರ್ಥ ಕಡಜ. ಅಮೆರಿಕದ ಸ್ಪ್ರಿಂಗ್‌ಫೀಲ್ಡ್ ಆರ್ಮರಿಯ ಕೆಲವು ಆಸಕ್ತರು 1920ರ ದಶಕದಲ್ಲಿ ಹಳೆಯ .22 ಡಬ್ಲ್ಯೂಸಿಎಫ್ ಅನ್ನುವ ತೋಟಾದ ಕೇಸಿನಿಂದ ಬೆಳೆಸಿದ್ದು. 1930ರಲ್ಲಿ ವಿಂಚೆಸ್ಟರ್ ಅದರ ತೋಟಾ ಮಾರುಕಟ್ಟೆಗೆ ತಂದಿತು. ಕಿರುಬೆರಳಿಗಿಂತ ಸಣ್ಣ ಕೇಸು. 35 ಗ್ರೇನ್ ಗುಂಡು, ಅಂದರೆ ಎರಡೂಕಾಲು ಗ್ರಾಂ, ಸೆಕೆಂಡಿಗೆ 3000 ಅಡಿ ವೇಗದಲ್ಲಿ ಹೊರಡುತ್ತದೆ. ಒದೆತ ಇಲ್ಲವೇ ಇಲ್ಲ. ಗುಂಡು ಮೊಲಕ್ಕೆ ತಾಗುವುದನ್ನು ಸ್ಕೋಪಿನಲ್ಲೇ ನೋಡಬಹುದು. ಸದ್ದೂ ಕಡಿಮೆ. ಇಲ್ಲಿ ನಮ್ಮಂಥವರಿಗೆ ಸೈಲೆನ್ಸರ್ ಇಟ್ಟುಕೊಳ್ಳುವ ಹಾಗಿಲ್ಲ, ಆದ್ದರಿಂದ ಸದ್ದು ದೊಡ್ಡ ವಿಷಯ. ಹಾರ್ನೆಟ್ ಹೊಡೆದ ಬಿಲದಲ್ಲಿ ಹತ್ತು ನಿಮಿಷಕ್ಕೆ ಮತ್ತೆ ಕಿವಿಗಳು ಕಾಣಿಸುತ್ತಿದ್ದವು. .223 ಹೊಡೆದರೆ ಕಾಲು ಗಂಟೆ, ಕೆಲವೊಮ್ಮೆ ಆ ಸಂಜೆಗೇ ಮುಗಿಯಿತು.

ಹೊಲದಲ್ಲಿ ಇಷ್ಟು ಸೊಗಸಾದ ಹಾರ್ನೆಟ್, ಮನೆಯ ಮೇಜಿನ ಮೇಲೆ ನನ್ನ ಜೀವ ತಿಂದಿತು. ಕೇಸಿನ ಕುತ್ತಿಗೆ ಕಾಗದದ ಹಾಗೆ ತೆಳು. ಗುಂಡು ಕೂರಿಸುವಾಗ ಕೂದಲೆಳೆಯಷ್ಟು ಓರೆಯಾದರೂ ಕುತ್ತಿಗೆ ಮಡಚಿ ಕೂರುತ್ತದೆ. ಮೊದಲ ಐವತ್ತರಲ್ಲಿ ಏಳು ಹಾಳು ಮಾಡಿದೆ. ಕುತ್ತಿಗೆಯ ಬಾಯಿ ಒಳಗಿನಿಂದ ಚೆನ್ನಾಗಿ ಸವರಿ, ತಳ ಚಪ್ಪಟೆಯಲ್ಲದ ದೋಣಿ ಆಕಾರದ ಗುಂಡು ಹಾಕಿ, ತೋಟಾ ಒತ್ತುವ ಪ್ರೆಸ್‌ನ ಹಿಡಿಯನ್ನು ಹಸುಗೂಸು ತೂಗಿದ ಹಾಗೆ ಇಳಿಸಿದರೆ ಮಾತ್ರ ಸರಿ ಬರುತ್ತದೆ. ಆದರೆ ಹಾರ್ನೆಟ್‌ಗೆ ಸಿಗುವ ಚಿಕ್ಕ ಗುಂಡುಗಳೆಲ್ಲ ಬಹುತೇಕ ಚಪ್ಪಟೆ ತಳದವೇ! ಉದ್ದ ಮೂತಿಯ ಗುಂಡು ಹಾಕಿದರೆ ಮ್ಯಾಗಜೀನಿಗೆ ಹಿಡಿಸುವುದಿಲ್ಲ.

ಎರಡನೆಯ ಪಾಠ ಇನ್ನೂ ಬಿಸಿ. ಹಾರ್ನೆಟ್ ಕೇಸಿಗೆ ತಳದಲ್ಲಿ ಅಂಚು ಇದೆ, ರೈಫಲಿನೊಳಗೆ ಅದು ನಿಲ್ಲುವುದು ಆ ಅಂಚಿನ ಮೇಲೆ. ಕೇಸು ಕುತ್ತಿಗೆಗೆ ಕಿರಿದಾಗುವ ಜಾಗ, ಅಂದರೆ ಅದರ ಭುಜ, ಇಳಿಜಾರು. ಹೊಡೆದಾಗ ಹಿಗ್ಗಿದ ಕೇಸನ್ನು ಪ್ರತಿ ಸಲ ಪೂರ್ತಿ ಉದ್ದಕ್ಕೂ ಡೈ ಅನ್ನುವ ಉಕ್ಕಿನ ಅಚ್ಚಿನಲ್ಲಿ ಒತ್ತಿದರೆ ಭುಜ ಹಿಂದೆ ಹೋಗುತ್ತದೆ, ಹೊಡೆದಾಗ ಮುಂದೆ ಚಾಚುತ್ತದೆ, ತಳದ ಮೇಲೆ ಹಿತ್ತಾಳೆ ತೆಳುವಾಗುತ್ತಾ ಬರುತ್ತದೆ. ಐದನೆಯ ಸುತ್ತಿಗೆ ಒಂದು ಕೇಸಿನ ತಳ ಮಾತ್ರ ಹೊರಗೆ ಬಂತು, ಉಳಿದದ್ದು ನಳಿಗೆಯೊಳಗೇ ಕೂತಿತು. ತಪ್ಪು ನನ್ನದೇ. ಕುತ್ತಿಗೆಯನ್ನಷ್ಟೇ ಒತ್ತುವ ಡೈ ಕೊಂಡ ಮೇಲೆ ಕೇಸುಗಳು ಒಂಬತ್ತು-ಹತ್ತು ಸಲ ಬಂದವು. ಗುರಿ ಹೇಗೆ ಅಂದರೆ, ನೂರು ಮೀಟರ್‌ಗೆ ಐದು ಗುಂಡು 28 ಮಿಲಿಮೀಟರ್ ಒಳಗೆ. ಮೊಲದ ತಲೆ ಐದು ಸೆಂಟಿಮೀಟರ್ ಅಂತ ಇಟ್ಟುಕೊಂಡರೆ ಸಾಕು, ಆದರೆ ನನ್ನ ಕೈ ತಪ್ಪಿಗೆ ಹೆಚ್ಚು ಜಾಗ ಉಳಿಯುವುದಿಲ್ಲ. ಗಾಳಿ ಎದ್ದರಂತೂ ದೇವರೇ ಗತಿ. ಗಂಟೆಗೆ 16 ಕಿಲೋಮೀಟರ್ ಅಡ್ಡಗಾಳಿಗೆ ಇನ್ನೂರು ಗಜದಲ್ಲಿ ಒಂದು ಗೇಣಿಗಿಂತ ಜಾಸ್ತಿ ಪಕ್ಕಕ್ಕೆ ಹೋಗುತ್ತದೆ. .223ರದ್ದು ಅದರ ಅರ್ಧಕ್ಕಿಂತ ಕಡಿಮೆ.

ಗೆಳೆಯರಿಂದ ಎರವಲು ಪಡೆದು ಒಂದೊಂದು ದಿನ ಇನ್ನೆರಡನ್ನು ನೋಡಿದೆ, ಅವರೂ ಜೊತೆಗೇ ಇದ್ದರು. 2012ರಲ್ಲಿ ಹಾರ್ನಡಿ ಕಂಪನಿ ತಂದ .17 ಹಾರ್ನೆಟ್: 20 ಗ್ರೇನ್ ಗುಂಡು, 3650 ಅಡಿ. ಚುರುಕು ಅಂದರೆ ಚುರುಕು. ಆದರೆ ನನ್ನ ದಪ್ಪ ಬೆರಳಿಗೆ ಆ ಸಾಸಿವೆ ಗಾತ್ರದ ಗುಂಡು ಹಿಡಿಯುವುದೇ ಸರ್ಕಸ್. 2004ರ .204 ರೂಗರ್: 32 ಗ್ರೇನ್ ಗುಂಡು 4200 ಅಡಿ ದಾಟುತ್ತದೆ, ಇನ್ನೂರು ಗಜದವರೆಗೆ ಗುಂಡು ಇಳಿಯುವ ಲೆಕ್ಕವೇ ಬೇಡ. ನರಿ ಹೊಡೆಯುವವರು ತಗೊಳ್ಳಲಿ. ಮೊಲಕ್ಕೆ ತಾಗಿದ ಮೇಲೆ ಎತ್ತಿಕೊಳ್ಳಲು ಹೋದರೆ ಏನು ಎತ್ತುವುದು ಅಂತ ಗೊತ್ತಾಗಲಿಲ್ಲ.

ಇನ್ನು .223. 1964ರಿಂದ ಅಂಗಡಿಯಲ್ಲಿದೆ, ಸೈನ್ಯದ 5.56 ಮಿಲಿಮೀಟರ್ ತೋಟಾದ ಒಡಹುಟ್ಟು. ತುಂಬಿಕೊಳ್ಳುವವರಿಗೆ ಇದಕ್ಕಿಂತ ಸಲೀಸು ಯಾವುದೂ ಇಲ್ಲ. ಗಟ್ಟಿ ಕೇಸು, ಡೈ ಎಲ್ಲೆಲ್ಲೂ ಸಿಗುತ್ತದೆ, ಗುಂಡಿನ ಆಯ್ಕೆ ಬೇಕಾದಷ್ಟು. ರೇಂಜಿನಲ್ಲಿ ಬೇರೆಯವರು ಬಿಟ್ಟು ಹೋದ ಹಿತ್ತಾಳೆ ಕೇಳಿದರೆ ಕೊಡುತ್ತಾರೆ. ಸೈನ್ಯದ ಕೇಸಾದರೆ ಕೇಪಿನ ಗುಂಡಿಯ ಸುತ್ತ ಹಿಸುಕಿ ಬಿಗಿ ಮಾಡಿರುತ್ತಾರೆ, ಅದನ್ನು ಅಗಲ ಮಾಡಿಕೊಳ್ಳುವ ಕೆಲಸ ಒಂದು ಹೆಚ್ಚು. ಟಿಕ್ಕಾ 18 ಮಿಲಿಮೀಟರ್ ಗುಂಪು ಹಾಕಿತು. ಕಷ್ಟ ಇರುವುದು ಇನ್ನೊಂದು ಕಡೆ. 55 ಗ್ರೇನ್ ಗುಂಡು 3240 ಅಡಿಯಲ್ಲಿ ಮೊಲದ ಭುಜಕ್ಕೆ ಬಿದ್ದರೆ ಮುಂದಿನ ಅರ್ಧ ಮೊಲ ಇಲ್ಲ.

"ನೀನೇ ತುಂಬ್ತೀಯಲ್ಲ, ಕಡಿಮೆ ತುಂಬು" ಅಂದರು ರೇಂಜಿನ ಹಿರಿಯರೊಬ್ಬರು. ನಿಜ, ಅದೇ ಅಲ್ವಾ ತುಂಬಿಕೊಳ್ಳುವುದರ ಲಾಭ. ತಯಾರಕರ ಪುಸ್ತಕದಲ್ಲಿ ಕಡಿಮೆ ವೇಗದ ಅಳತೆಗಳು ಬೇರೆಯೇ ಇರುತ್ತವೆ, ಅವಕ್ಕೆ ಬೇಗ ಉರಿಯುವ ಬೇರೆ ಮದ್ದು. ಇರುವ ಮದ್ದನ್ನೇ ಅರ್ಧ ಹಾಕಿದರೆ ಆದೀತು ಅಂತ ಯಾರೂ ಮಾಡಬೇಡಿ, ಅದು ಅಪಾಯ. ನಾನು ಪುಸ್ತಕ ನೋಡಿಯೇ ವೇಗ ತಗ್ಗಿಸಿದ .223 ತೋಟಾ ಮಾಡಿದೆ. ಮಾಂಸ ಉಳಿಯಿತು, ಸದ್ದೂ ತಗ್ಗಿತು. ಆದರೆ ಆ ಗುಂಡು ಬೀಳುವ ಜಾಗ ಪೂರ್ತಿ ವೇಗದ್ದಕ್ಕಿಂತ ಎಂಟು ಸೆಂಟಿಮೀಟರ್ ಕೆಳಗೆ. ಒಂದು ಸಂಜೆ ಜೇಬಿನಲ್ಲಿ ಎರಡೂ ಬೆರೆತವು. ಮೂರು ಮೊಲಗಳ ಕಾಲ ಕೆಳಗಿನ ಮಣ್ಣು ಹಾರಿಸಿ ಮನೆಗೆ ಬಂದೆ.

ಉಳಿದದ್ದು .222, ಇಲ್ಲಿನವರ ಬಾಯಲ್ಲಿ 'ಟ್ರಿಪಲ್ ಟು'. ರೆಮಿಂಗ್ಟನ್‌ನ ಮೈಕ್ ವಾಕರ್ ರೂಪಿಸಿದ್ದು, 1950ರಲ್ಲಿ ಬಂತು. ರೈಫಲನ್ನು ಮೇಜಿನ ಮೇಲೆ ಊರಿ ಹೊಡೆಯುವ ಬೆಂಚ್‌ರೆಸ್ಟ್ ಸ್ಪರ್ಧೆಗಳಲ್ಲಿ 6 ಪಿಪಿಸಿ ಅನ್ನುವ ತೋಟಾ ಬರುವವರೆಗೂ ಇದರದ್ದೇ ಕಾರುಬಾರು. ಅದು ಯಾಕೆ ಅಂತ ನನ್ನ ಹಳೆಯ ಸಾಕೊ ತೋರಿಸಿತು. 50 ಗ್ರೇನ್ ಗುಂಡಿನಲ್ಲಿ ನೂರು ಮೀಟರ್‌ಗೆ 14 ಮಿಲಿಮೀಟರ್, ಅದೂ ನಾನು ವಿಶೇಷ ಏನೂ ಮಾಡದೆ. ಇದರ ಕುತ್ತಿಗೆ ಉದ್ದ, ಗುಂಡು ಗಟ್ಟಿಯಾಗಿ ನೆಟ್ಟಗೆ ಕೂರುತ್ತದೆ. ಒಂದೂ ಕೇಸು ಮಡಚಲಿಲ್ಲ. ಹನ್ನೆರಡು ಸಲ ತುಂಬಿದವು ಇನ್ನೂ ಓಡುತ್ತಿವೆ.

ವೇಗ ನೋಡಿದರೆ .223ಕ್ಕೆ ಬಹಳ ಹತ್ತಿರ. ಹಾಗಾದರೆ ಮಾಂಸ ಹಾಳಾಗುವುದಿಲ್ಲವೇ? ಮೈಗೆ ಬಿದ್ದರೆ ಆಗುತ್ತದೆ. ಆದರೆ 14 ಮಿಲಿಮೀಟರ್ ಹಾಕುವ ರೈಫಲ್ ಇದ್ದರೆ ಮೈಗೆ ಯಾಕೆ ಹೊಡೆಯಬೇಕು? ತಲೆಗೆ ಬಿದ್ದರೆ ಯಾವ ಕ್ಯಾಲಿಬರ್ ಆದರೂ ಮಾಂಸ ಪೂರ್ತಿ ಉಳಿಯುತ್ತದೆ. ಹಾರ್ನೆಟ್‌ನಲ್ಲಿ 90 ಮೀಟರ್ ಆಚೆ ತಲೆ ಹಿಡಿಯಲು ನನಗೆ ಧೈರ್ಯ ಇರಲಿಲ್ಲ, ಮೈಗೆ ಹೊಡೆಯುತ್ತಿದ್ದೆ. ಸಾಕೊದಲ್ಲಿ 120ಕ್ಕೂ ತಲೆಯೇ. ಮೂರನೆಯ ಚಳಿಗಾಲ ಮುಗಿದಾಗ ಲೆಕ್ಕ ನೋಡಿದರೆ, ಅಡುಗೆಮನೆಗೆ ಇಡಿಯಾಗಿ ಬಂದ ಮೊಲ ಜಾಸ್ತಿ ಇದ್ದದ್ದು .222ರ ಹಾಳೆಯಲ್ಲಿ. ಸಣ್ಣ ಗುಂಡು ಅಂದರೆ ಮಾಂಸ ಉಳಿತಾಯ ಅಂದುಕೊಂಡಿದ್ದೆ, ತಲೆಕೆಳಗಾಯಿತು.

ಇದಕ್ಕೂ ದೋಷ ಇದೆ. ಹೊಸ ರೈಫಲ್ ಕೊಳ್ಳುವವರಿಗೆ .222ರ ಆಯ್ಕೆ ಕಡಿಮೆ. ರೇಂಜಿನಲ್ಲಿ ಹಿತ್ತಾಳೆ ಬಿದ್ದಿರುವುದಿಲ್ಲ, ದುಡ್ಡು ಕೊಟ್ಟೇ ತರಬೇಕು. .223 ಕೇಸನ್ನೇ ಒತ್ತಿ, ಕತ್ತರಿಸಿ .222 ಮಾಡಿಕೊಳ್ಳುವವರಿದ್ದಾರೆ, ನನಗೆ ಅಷ್ಟು ಪುರುಸೊತ್ತಿಲ್ಲ. ಎರಡರ ತಳವೂ ಒಂದೇ ಗಾತ್ರ. ಹಾಗಾಗಿ ಎರಡೂ ಇರುವ ಮನೆಯಲ್ಲಿ ಡಬ್ಬಿಗಳನ್ನು ಬೇರೆ ಬೇರೆ ಇಡಬೇಕು, ಮೇಜಿನ ಮೇಲೆ ಒಂದು ಸಲಕ್ಕೆ ಒಂದೇ ಇರಬೇಕು.

ಖರ್ಚು ಕೇಳುವವರಿಗೆ: ಇಲ್ಲಿ ಎಲ್ಲರೂ ಹಾಕುವುದು ಮುಲ್ವಾಲಾದಲ್ಲಿ ತಯಾರಾಗುವ ಎಡಿಐ ಬ್ರಾಂಡಿನ ಮದ್ದು. ಒಂದು ಕಿಲೋದಲ್ಲಿ ಹಾರ್ನೆಟ್ 1300ರ ಮೇಲೆ ಬರುತ್ತದೆ, .222 ಸುಮಾರು 750, .223 ಸುಮಾರು 600. ಕೇಪು ಮೂರಕ್ಕೂ ಒಂದೊಂದೇ, ಗುಂಡಿನ ಬೆಲೆಯಲ್ಲೂ ಅಂಥ ವ್ಯತ್ಯಾಸವಿಲ್ಲ. ವಾರಕ್ಕೆ ಹತ್ತಿಪ್ಪತ್ತು ಹೊಡೆಯುವ ನನಗೆ ಈ ಮದ್ದಿನ ಉಳಿತಾಯ ವರ್ಷಕ್ಕೆ ಒಂದು ಊಟದ ಬಿಲ್ಲೂ ಅಲ್ಲ. ಹಾಳಾದ ಹಾರ್ನೆಟ್ ಕೇಸುಗಳ ಬೆಲೆಯಲ್ಲಿ ಅದೂ ಹೋಯಿತು.

ಒಂದೇ ಸೆಂಟರ್‌ಫೈರ್ ಇಟ್ಟುಕೊಳ್ಳುವವರು, ನರಿಗೂ ಬೇಕು ಅನ್ನುವವರು, ಹೊಸದಾಗಿ ತುಂಬಲು ಕಲಿಯುವವರು .223 ತಗೊಳ್ಳಿ, ಕಣ್ಣು ಮುಚ್ಚಿ. ಸಣ್ಣ ಜಮೀನು, ಹತ್ತಿರ ಮನೆಗಳು, ನೂರು ಮೀಟರ್ ಒಳಗಿನ ಹೊಡೆತ, ಜೊತೆಗೆ ತಾಳ್ಮೆ ಇರುವವರಿಗೆ ಹಾರ್ನೆಟ್. ನನ್ನ ಸೇಫಿನಲ್ಲಿ ಉಳಿದದ್ದು ಸಾಕೊ ಮತ್ತು ಟಿಕ್ಕಾ. ಮೊಲಕ್ಕೆ ಹೊರಡುವಾಗ ಕೈ ಹೋಗುವುದು ಸಾಕೊಗೆ.

ಹಾರ್ನೆಟ್ ಡೀಲರ್ ಮೂಲಕ ಇಲ್ಲೇ ಇರುವ ದಾವಣಗೆರೆ ಕಡೆಯ ಗೆಳೆಯನೊಬ್ಬನಿಗೆ ಹೋಯಿತು. ಡೈ, ಉಳಿದ ಕೇಸು, ಗುಂಡು ಎಲ್ಲ ಕೊಟ್ಟೆ, ಕುತ್ತಿಗೆಯ ಕಥೆಯನ್ನೂ ಹೇಳಿದೆ. "ನಂಗೆ ತಾಳ್ಮೆ ಐತೆ ಬಿಡೋ" ಅಂದಿದ್ದ. ಕಳೆದ ಭಾನುವಾರ ರಾತ್ರಿ ಹನ್ನೊಂದಕ್ಕೆ ಫೋನ್. "ಲೇ, ಇವತ್ತು ಇಪ್ಪತ್ರಾಗೆ ಆರು ಮಡಚ್ಕೊಂಡ್ವು. ನೀ ಸಾಕೊ ಯಾವಾಗ ಮಾರ್ತೀ?"