ಪ್ಯಾಕ್ಟ್ ಥೆರಪಿ: ಮಗನ ಆಟವನ್ನು ವಿಡಿಯೊದಲ್ಲಿ ನೋಡಿದ ಮೇಲೆ

ಆಟಿಸಂ ಇರುವ ಪುಟ್ಟ ಮಕ್ಕಳ ಅಪ್ಪ ಅಮ್ಮಂದಿರಿಗೆ ಧೈರ್ಯವಾಗಿ ಹೇಳುತ್ತೇನೆ, ಸಿಕ್ಕರೆ ಪ್ಯಾಕ್ಟ್ ಥೆರಪಿಗೆ ಸೇರಿ. ಮಗುವಿನ ಜೊತೆ ಒಡನಾಟ, ಸಂವಹನ ಬೆಳೆಸುವುದನ್ನು ಅಪ್ಪ ಅಮ್ಮಂದಿರಿಗೇ ಕಲಿಸುವ ಥೆರಪಿ ಇದು. ಇಲ್ಲಿ ಥೆರಪಿಸ್ಟ್ ಮಗುವನ್ನು ಕೂರಿಸಿಕೊಂಡು ಪಾಠ ಹೇಳುವುದಿಲ್ಲ. ಮಗುವಿನ ಜೊತೆ ಆಡುವವರು ನಾವೇ. ಅದನ್ನು ವಿಡಿಯೊ ಮಾಡುತ್ತಾರೆ. ಆಮೇಲೆ ಥೆರಪಿಸ್ಟ್ ಮತ್ತು ನಾವು ಜೊತೆಗೆ ಕೂತು ಅದನ್ನು ನಿಲ್ಲಿಸಿ ನಿಲ್ಲಿಸಿ ನೋಡುತ್ತೇವೆ.

ನನ್ನ ಮಗನಿಗೆ ನಾಲ್ಕು ವರ್ಷ. ಮಾತು ತುಂಬಾ ಕಡಿಮೆ. ಒಂದು ವಿಡಿಯೊದಲ್ಲಿ ಅವನು ಆಟದ ಕಾರನ್ನು ತಲೆಕೆಳಗು ಮಾಡಿ ಚಕ್ರ ತಿರುಗಿಸುತ್ತಾ ಮಲಗಿದ್ದ. ನಾನೂ ಪಕ್ಕದಲ್ಲಿ ಮಲಗಿ ಇನ್ನೊಂದು ಕಾರಿನ ಚಕ್ರ ತಿರುಗಿಸಿದೆ. ಅವನನ್ನು ಏನೂ ಕೇಳಲಿಲ್ಲ. ನನ್ನ ಚಕ್ರ ನಿಂತಿತು. ಅವನು ಕಾರು ನೋಡಿದ, ನನ್ನ ಮುಖ ನೋಡಿದ, ಮತ್ತೆ ಕಾರು ನೋಡಿದ. ರೆಪ್ಪೆ ಬಡಿಯುವಷ್ಟರಲ್ಲಿ ಮುಗಿದುಹೋಯಿತು. ಆಡುವಾಗ ಯಾರ ಕಣ್ಣಿಗೂ ಬೀಳುವಂಥದ್ದಲ್ಲ. ಥೆರಪಿಸ್ಟ್ ಅಲ್ಲೇ ನಿಲ್ಲಿಸಿ, "ಅಮ್ಮ, ಇಲ್ಲಿ ಏನು ಕೇಳ್ತಿದ್ದಾನೆ ಅನ್ಸುತ್ತೆ?" ಅಂದರು. ಇನ್ನೊಂದು ಸಲ ತಿರುಗಿಸು ಅಂತ ಕೇಳುತ್ತಿದ್ದ! ಈಗ ಅವನು ಹಾಗೆ ನೋಡಿದ ಕೂಡಲೇ "ತಿರುಗ್ಸು" ಅಂತ ಒಂದೇ ಮಾತು ಹೇಳಿ ತಿರುಗಿಸುತ್ತೇನೆ. ಆಮೇಲೆ ಸುಮ್ನೆ ಕಾಯುತ್ತೇನೆ. ಕಾಯುವುದೇ ಇದರಲ್ಲಿ ಕಷ್ಟದ ಕೆಲಸ. ಈಚೆಗೆ ಅವನೇ ಕಾರು ತಂದು ನನ್ನ ಕೈಗೆ ಕೊಡುತ್ತಾನೆ. ಒಮ್ಮೊಮ್ಮೆ "ತಿ" ಅನ್ನುತ್ತಾನೆ.

ಚೆನ್ನಾಗಿ ನಡೆದ ತುಣುಕುಗಳನ್ನೇ ಆರಿಸಿ ತೋರಿಸುತ್ತಾರೆ. ಅದು ನನಗೆ ತುಂಬಾ ಹಿಡಿಸಿತು. ತಾಯಂದಿರಿಗೆ ಬೈಗುಳ ಬೇರೆ ಕಡೆ ಬೇಕಾದಷ್ಟು ಸಿಗುತ್ತದೆ.

ಆಟಿಸಂ ವಾಸಿ ಮಾಡುತ್ತೇವೆ ಅಂತ ಏನೇನೋ ಮಾರುವವರಿದ್ದಾರೆ, ಅಲ್ವಾ? ಅದಕ್ಕೇ ನಾನು ಮೊದಲು ಸಂಶೋಧನೆ ಹುಡುಕಿದೆ. ಇಂಗ್ಲೆಂಡಿನಲ್ಲಿ ಜೊನಾಥನ್ ಗ್ರೀನ್ ಅವರ ತಂಡ 152 ಮಕ್ಕಳ ಜೊತೆ ಇದನ್ನು ಪರೀಕ್ಷೆ ಮಾಡಿ 2010ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬರೆಯಿತು. ತಂದೆತಾಯಿ ಮತ್ತು ಮಗುವಿನ ಒಡನಾಟ ಚೆನ್ನಾಗಿ ಸುಧಾರಿಸಿತ್ತು. ಆಟಿಸಂ ಲಕ್ಷಣಗಳಲ್ಲಿ ಆಗ ಕಂಡ ಬದಲಾವಣೆ ಅಲ್ಪ. ಆದರೆ ಸುಮಾರು 6 ವರ್ಷದ ನಂತರ ಅದೇ ಮಕ್ಕಳನ್ನು ನೋಡಿದಾಗ ತೀವ್ರ ಲಕ್ಷಣ ಇದ್ದವರು ಈ ಥೆರಪಿ ಪಡೆದವರಲ್ಲಿ ಶೇ. 46, ಪಡೆಯದವರಲ್ಲಿ ಶೇ. 63. ಮಕ್ಕಳ ಆತಂಕ ಮಾತ್ರ ಇದರಿಂದ ಕಡಿಮೆಯಾಗಿರಲಿಲ್ಲ. ನಮ್ಮ ಮನೆಯಲ್ಲೂ ಅಷ್ಟೇ. ಮಿಕ್ಸಿ ಸದ್ದಿಗೆ ಅವನು ಈಗಲೂ ನಡುಗುತ್ತಾನೆ. ಅದಕ್ಕೆ ಬೇರೆ ಸಹಾಯ ಬೇಕೇ ಬೇಕು.

ಮೊದಲ 6 ತಿಂಗಳು ಎರಡು ವಾರಕ್ಕೊಮ್ಮೆ ಹೋಗಬೇಕು, ಆಮೇಲೆ ತಿಂಗಳಿಗೊಮ್ಮೆ. ಮನೆಯಲ್ಲಿ ದಿನಾ ಅರ್ಧ ಗಂಟೆ ಆಡಬೇಕು. ಕೆಲಸದಿಂದ ಸುಸ್ತಾಗಿ ಬಂದ ದಿನವೂ ಬಿಡುವ ಹಾಗಿಲ್ಲ. ನಾನು ಹೋದ ಕಡೆ ಅಪ್ಪನನ್ನು ಒಂದು ಸಲವೂ ವಿಡಿಯೊಗೆ ಕರೆಯಲಿಲ್ಲ. ಇದು ನನಗೆ ಬೇಜಾರಿನ ವಿಷಯ. ಮಗ ಆಡುವುದು ಇಬ್ಬರ ಜೊತೆಗೂ ತಾನೇ?

ಸೇರುವ ಮೊದಲು ಎರಡು ವಿಷಯ ಕೇಳಿ. ಥೆರಪಿಸ್ಟ್ ಪ್ಯಾಕ್ಟ್ ತರಬೇತಿ ಪಡೆದಿದ್ದಾರಾ? ಮಗುವಿನ ವಿಡಿಯೊ ಎಲ್ಲಿಡುತ್ತಾರೆ, ಯಾವಾಗ ಅಳಿಸುತ್ತಾರೆ? ಎರಡನೆಯದಕ್ಕೆ ಉತ್ತರ ಬರವಣಿಗೆಯಲ್ಲೇ ತೆಗೆದುಕೊಳ್ಳಿ.