ತೋಳಿನ ಮೇಲಿನ ಬಿಲ್ಲೆ: ಡಯಾಲಿಸಿಸ್ ರೋಗಿಯೊಬ್ಬನ 18 ತಿಂಗಳ ಬಳಕೆ

ಮೊನ್ನೆ ಕಿತ್ತು ಹಾಕಿದ್ದು ನಲವತ್ತೊಂದನೆಯದು. ತೋಳಿನ ಹಿಂಭಾಗಕ್ಕೆ ಹದಿನಾಲ್ಕು ದಿನ ಅಂಟಿಕೊಂಡಿದ್ದು, ಚರ್ಮದಡಿಯ ದ್ರವದಲ್ಲಿರುವ ಸಕ್ಕರೆಯನ್ನು ಅಳೆದು ಮೊಬೈಲಿಗೆ ಕಳುಹಿಸುವ ಬಿಲ್ಲೆಯಾಕಾರದ ಸೆನ್ಸರ್ ಇದು. ಲೆಕ್ಕದ ಪ್ರಕಾರ 18 ತಿಂಗಳಿಗೆ 39 ಸಾಕಾಗಬೇಕಿತ್ತು. ಹೆಚ್ಚಿಗೆ ಬೇಕಾದ ಎರಡರ ಕಥೆ ಇಷ್ಟೇ: ಒಂದು ಬಾಗಿಲ ಚೌಕಟ್ಟಿಗೆ ತಗುಲಿ ಕಿತ್ತುಬಂತು, ಇನ್ನೊಂದು ಮೂರನೇ ದಿನಕ್ಕೇ ಮೌನವಾಯಿತು.

ಈ ಸೆನ್ಸರ್‌ಗಳ ಬಗ್ಗೆ ಬೇಕಾದಷ್ಟು ವಿಮರ್ಶೆಗಳಿವೆ. ಆದರೆ ಅವನ್ನು ಬರೆದವರ ಮೂತ್ರಪಿಂಡಗಳು ಕೆಲಸ ಮಾಡುತ್ತಿರುತ್ತವೆ. ನನಗೆ ಸಕ್ಕರೆ ಕಾಯಿಲೆ ಬಂದು ಇಪ್ಪತ್ತೆರಡು ವರ್ಷ, ವಾರಕ್ಕೆ ಮೂರು ಸಲ ನಾಲ್ಕು ನಾಲ್ಕು ಗಂಟೆ ಯಂತ್ರದಲ್ಲಿ ರಕ್ತ ಶುದ್ಧಮಾಡುವ ಹೀಮೋಡಯಾಲಿಸಿಸ್ ಶುರುವಾಗಿ ನಾಲ್ಕು ವರ್ಷ. ನಮ್ಮಂಥವರಿಗೆ ಇದು ಬೇರೆಯದೇ ವಸ್ತು ಎಂಬುದನ್ನು ಬಳಸಿದ ಮೇಲೆ ತಿಳಿದುಕೊಂಡೆ.

ಇದನ್ನು ಅಂಟಿಸಿಕೊಳ್ಳುವ ಮುನ್ನ, ಎರಡು ಮೂರು ತಿಂಗಳ ಸಕ್ಕರೆಯ ಸರಾಸರಿ ಹೇಳುವ ರಕ್ತಪರೀಕ್ಷೆಯಲ್ಲಿ, ನನ್ನ ಎಚ್‌ಬಿಎ1ಸಿ ಶೇ 6.1 ಇತ್ತು, ಸಕ್ಕರೆ ಚೆನ್ನಾಗಿ ಹಿಡಿತದಲ್ಲಿದೆ ಎನ್ನುವಂಥ ಅಂಕಿ. ಆ ವರದಿಯನ್ನು ಮಡಚಿ ಜೇಬಿನಲ್ಲಿಟ್ಟುಕೊಂಡು ಓಡಾಡಿದ್ದೆ. ಮೂತ್ರಪಿಂಡದ ವೈದ್ಯರು ಮಾತ್ರ ಅದನ್ನು ನೋಡಿ ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಆ ಪರೀಕ್ಷೆ ಅಳೆಯುವುದು ಕೆಂಪು ರಕ್ತಕಣಗಳಿಗೆ ಅಂಟಿದ ಸಕ್ಕರೆಯನ್ನು. ಆರೋಗ್ಯವಂತರಲ್ಲಿ ಆ ಕಣ ಸುಮಾರು 120 ದಿನ ಬದುಕುತ್ತದೆ, ನಮ್ಮಲ್ಲಿ ಅಷ್ಟು ದಿನ ಬಾಳುವುದಿಲ್ಲ. ಜೊತೆಗೆ ರಕ್ತಹೀನತೆಗೆ ಕೊಡುವ ಎರಿಥ್ರೋಪೊಯೆಟಿನ್ ಚುಚ್ಚುಮದ್ದು ಹೊಸ ಕಣಗಳನ್ನು ಒಂದೇ ಸಮನೆ ಹುಟ್ಟಿಸುತ್ತಿರುತ್ತದೆ. ಎಳೆಯ ಕಣಕ್ಕೆ ಸಕ್ಕರೆ ಅಂಟಲು ಸಮಯವೆಲ್ಲಿ? ಹಾಗಾಗಿ ಅಂಕಿ ಇಳಿದು ಕಾಣುತ್ತದೆ. ನಾನು ಹೆಮ್ಮೆಪಟ್ಟಿದ್ದು ನನ್ನ ಪಥ್ಯದ ಫಲಕ್ಕಲ್ಲ, ನನ್ನ ರಕ್ತಕಣಗಳ ಅಲ್ಪಾಯುಷ್ಯಕ್ಕೆ.

ಮೊಬೈಲಿನಲ್ಲಿ ಮೂಡಿದ ಮೊದಲ ವಾರದ ಗೆರೆಯೇ ಜೇಬಿನಲ್ಲಿದ್ದ ಆ ಕಾಗದವನ್ನು ಸುಳ್ಳು ಮಾಡಿತು. ಬೆಳಗಿನ ಜಾವ ಮೂರರ ಹೊತ್ತಿಗೆ 58, ಮರುದಿನ 61, ಸಂಜೆ ನೋಡಿದರೆ 260. ತಗ್ಗು ದಿಣ್ಣೆಗಳ ಸರಾಸರಿ ತೆಗೆದರೆ ಸಮತಟ್ಟಾಗಿ ಕಾಣುತ್ತದಲ್ಲ, ಹಾಗೆ. ರಾತ್ರಿ ಬೆವರಿ ಎದ್ದು ಕೂರುವುದನ್ನು ನಾನು ಡಯಾಲಿಸಿಸ್ಸಿನ ಸುಸ್ತು ಎಂದುಕೊಂಡಿದ್ದೆ. ಅಸಲಿಗೆ ಇನ್ಸುಲಿನ್ನನ್ನು ಒಡೆದು ಹೊರಹಾಕುವ ಕೆಲಸದಲ್ಲಿ ಮೂತ್ರಪಿಂಡಕ್ಕೂ ದೊಡ್ಡ ಪಾಲಿದೆ. ಅದು ಕೈಕೊಟ್ಟ ಮೇಲೆ ರಾತ್ರಿ ಚುಚ್ಚಿಕೊಂಡ ಇನ್ಸುಲಿನ್ ಹೊತ್ತು ಮೀರಿದರೂ ಮನೆ ಬಿಟ್ಟು ಹೋಗದ ನೆಂಟನಂತೆ ಉಳಿದುಕೊಳ್ಳುತ್ತದೆ. ಗೆರೆ ನೋಡಿದ ವೈದ್ಯರು ರಾತ್ರಿಯ ಪ್ರಮಾಣವನ್ನು ಕಾಲು ಭಾಗ ಇಳಿಸಿದರು, ಆಮೇಲೆ ಇನ್ನೂ ಸ್ವಲ್ಪ.

ಇನ್ನೊಂದು ಸಂಗತಿ ತಿಳಿಯಲು ಎರಡು ತಿಂಗಳು ಬೇಕಾಯಿತು. ಡಯಾಲಿಸಿಸ್ ದಿನಗಳ ಗೆರೆಗೆ ಅದರದೇ ಆಕಾರವಿದೆ. ನನಗೆ ಬಳಸುವ ಡಯಾಲಿಸಿಸ್ ದ್ರಾವಣದಲ್ಲಿ ಗ್ಲೂಕೋಸ್ ಡೆಸಿಲೀಟರಿಗೆ 100 ಮಿಲಿಗ್ರಾಂ ಇರುತ್ತದೆ. ರಕ್ತದಲ್ಲಿ ಅದಕ್ಕಿಂತ ಹೆಚ್ಚಿದ್ದರೆ ಯಂತ್ರ ಆ ಮಟ್ಟದ ಕಡೆಗೆ ಎಳೆಯುತ್ತದೆ. ಎರಡನೇ ಗಂಟೆಯಿಂದ ಗೆರೆ ಜಾರುತ್ತಾ ಬರುವುದು ಅದಕ್ಕೇ. ಇನ್ಸುಲಿನ್ನಿನ ಒಂದಿಷ್ಟು ಪಾಲೂ ಅಲ್ಲೇ ಕಳೆದುಹೋಗುತ್ತದೆ. ಮನೆಗೆ ಬಂದು ಊಟ ಮಾಡಿದ ಮೇಲೆ ಗೆರೆ ಗುಡ್ಡ ಹತ್ತುತ್ತದೆ. ಸಕ್ಕರೆ ಏರಿದರೆ ಬಾಯಾರಿಕೆ, ಬಾಯಾರಿದರೆ ನೀರು. ಮೂತ್ರವೇ ಹೋಗದವನಿಗೆ ಆ ಸಕ್ಕರೆಯೂ ಹೊರಹೋಗುವುದಿಲ್ಲ, ಕುಡಿದ ನೀರೂ ಹೊರಹೋಗುವುದಿಲ್ಲ. ಮುಂದಿನ ಸರದಿಗೆ ತೂಕದ ಯಂತ್ರದ ಮೇಲೆ ನಿಂತಾಗ ಮೂರು ಕಿಲೋ ಹೆಚ್ಚು, ಸಿಸ್ಟರ್ ಮುಖದಲ್ಲಿ ಗಂಟು. ನೀರಿನ ವಿಷಯದಲ್ಲಿ ನಾಲಿಗೆಗೆ ಹಿಡಿತವಿಲ್ಲ ಎಂದು ನನ್ನನ್ನು ನಾನೇ ಬೈದುಕೊಳ್ಳುತ್ತಿದ್ದೆ. ಡಯಾಲಿಸಿಸ್ ದಿನಕ್ಕೆ ಬೇರೆ, ಬಿಡುವಿನ ದಿನಕ್ಕೆ ಬೇರೆ ಎಂದು ವೈದ್ಯರು ಇನ್ಸುಲಿನ್ ಬರೆದುಕೊಟ್ಟ ಮೇಲೆ ತೂಕ ಎರಡು ಕಿಲೋದ ಆಸುಪಾಸಿಗೆ ಬಂತು. ಈ ಬಿಲ್ಲೆ ನನಗೆ ಮಾಡಿದ ದೊಡ್ಡ ಉಪಕಾರ ಇದು, ಸಕ್ಕರೆಗಿಂತ ಬಾಯಾರಿಕೆಯದು.

ಇನ್ನು ತಕರಾರು. ಪೆಟ್ಟಿಗೆಯೊಳಗೆ ಎಂಟು ಮಡಿಕೆ ಹಾಕಿಟ್ಟ ಹಾಳೆಯಲ್ಲಿ, ಇರುವೆ ಗಾತ್ರದ ಅಕ್ಷರಗಳಲ್ಲಿ, ಡಯಾಲಿಸಿಸ್‌ನಲ್ಲಿರುವವರ ಮೇಲೆ ಇದನ್ನು ಪರೀಕ್ಷಿಸಿಲ್ಲ ಎಂದು ಬರೆದಿತ್ತು. ನಾನು ಅದನ್ನು ಓದಿದ್ದು ಐದನೇ ಸೆನ್ಸರ್ ಹಾಕಿಕೊಂಡ ಮೇಲೆ. ಒಂದು ದೂರಿಗಾಗಿ ಕಂಪನಿಗೆ ಕರೆ ಮಾಡಿದಾಗ ಅತ್ತಲಿನವರು ನಯವಾಗಿಯೇ ಮಾತಾಡುತ್ತಿದ್ದರು. ಡಯಾಲಿಸಿಸ್ ಎಂಬ ಪದ ಕಿವಿಗೆ ಬಿದ್ದದ್ದೇ ತಡ, ದನಿ ಬದಲಾಗಿ ಅದೇ ಹಾಳೆಯನ್ನು ನನಗೆ ಓದಿ ಹೇಳಿದರು. ಮಾರುವಾಗ ಯಾರೂ ಓದಿ ಹೇಳಿರಲಿಲ್ಲ.

ಆಮೇಲೆ ನಾನೇ ಪರೀಕ್ಷೆಗೆ ಇಳಿದೆ. ಆರು ವಾರ, ಒಂದು ನೋಟ್‌ಬುಕ್, ಎರಡು ಕಾಲಂ: ಬಿಲ್ಲೆ ಹೇಳಿದ್ದು, ಮೀಟರಿಗಾಗಿ ಚುಚ್ಚಿದ ಬೆರಳು ಹೇಳಿದ್ದು. ಮನೆಯಲ್ಲಿದ್ದಾಗ ಎರಡೂ ಹೆಚ್ಚು ಕಡಿಮೆ ಒಂದೇ ಮಾತು, ವ್ಯತ್ಯಾಸ ಹದಿನೈದು ಇಪ್ಪತ್ತರೊಳಗೆ. ಡಯಾಲಿಸಿಸ್ ಕುರ್ಚಿಯಲ್ಲಿ ಆ ಸ್ನೇಹ ಕೆಟ್ಟಿತು. ಒಂದು ಮಧ್ಯಾಹ್ನ ಮೂರನೇ ಗಂಟೆಯಲ್ಲಿ ಮೊಬೈಲ್ 64 ಎಂದು ಬಡಿದುಕೊಳ್ಳುತ್ತಿತ್ತು, ಬೆರಳು 97 ತೋರಿಸಿತು. ಚರ್ಮದಡಿಯ ದ್ರವ ಮಾಮೂಲಿಯಾಗಿಯೂ ರಕ್ತಕ್ಕಿಂತ ಐದು ಹತ್ತು ನಿಮಿಷ ಹಿಂದೆ ಇರುತ್ತದೆ. ಇಲ್ಲಿ ಗಂಟೆಗೆ ಅರ್ಧ ಲೀಟರಿಗೂ ಹೆಚ್ಚು ನೀರನ್ನು ದೇಹದಿಂದ ಹಿಂಡುತ್ತಿರುತ್ತಾರೆ.

ಆದರೆ ನನ್ನ ಪ್ರಕರಣದಲ್ಲಿ ಮುಖ್ಯ ಕಳ್ಳ ಬೇರೆಯೇ ಇದ್ದ. ಡಯಾಲಿಸಿಸ್ ಸೂಜಿ ಚುಚ್ಚಲೆಂದು ರಕ್ತನಾಳಗಳನ್ನು ಜೋಡಿಸಿ ಮಾಡಿದ ಫಿಸ್ಟುಲಾ ನನ್ನ ಎಡಗೈಯಲ್ಲಿದೆ. ಆ ಕೈಗೆ ಬಿಲ್ಲೆಯನ್ನೂ ಹಾಕುವಂತಿಲ್ಲ, ರಕ್ತದೊತ್ತಡದ ಪಟ್ಟಿಯನ್ನೂ ಕಟ್ಟುವಂತಿಲ್ಲ. ಹಾಗಾಗಿ ಎರಡೂ ಬಲತೋಳಿಗೇ ಬಂದವು. ಅರ್ಧ ಗಂಟೆಗೊಮ್ಮೆ ಪಟ್ಟಿ ಉಬ್ಬಿ ಬಿಲ್ಲೆಯ ಅಂಚನ್ನು ಒತ್ತುತ್ತಿತ್ತು. ಒತ್ತಡ ಬಿದ್ದ ಸೆನ್ಸರ್ ಇಲ್ಲದ ಕುಸಿತವನ್ನು ತೋರಿಸುತ್ತದೆ. ಆ ತೋಳಿನ ಮೇಲೆ ಮಗ್ಗುಲಾಗಿ ಮಲಗಿದರೂ ಅಷ್ಟೇ. ಪಟ್ಟಿಯನ್ನು ಮುಂಗೈಗೆ ಕಟ್ಟೋಣವೆಂದು ಹೊಳೆದದ್ದು ಟೆಕ್ನಿಷಿಯನ್ನರಿಗೆ, ಎಂಜಿನಿಯರ್ ಆಗಿದ್ದ ನನಗಲ್ಲ. ಅಲ್ಲಿಂದ ಸುಳ್ಳು ಕೂಗು ಅರ್ಧಕ್ಕರ್ಧ ನಿಂತಿತು. ಈಗಲೂ ಕುರ್ಚಿಯಲ್ಲಿರುವಾಗ ಬೆರಳು ಚುಚ್ಚದೆ ಯಾವ ತೀರ್ಮಾನವನ್ನೂ ತೆಗೆದುಕೊಳ್ಳುವುದಿಲ್ಲ.

ಬೆರಳಿನ ಮೀಟರ್ ಸತ್ಯಹರಿಶ್ಚಂದ್ರ ಎಂದೇನೂ ಅಲ್ಲ. ರಕ್ತಹೀನತೆ ಹೆಚ್ಚಿದ್ದಾಗ ಹಲವು ಮೀಟರ್‌ಗಳು ಸಕ್ಕರೆಯನ್ನು ಏರಿಸಿ ಹೇಳುತ್ತವೆ. ಹೊಟ್ಟೆಯೊಳಗೆ ದ್ರಾವಣ ತುಂಬಿ ಮನೆಯಲ್ಲೇ ಪೆರಿಟೋನಿಯಲ್ ಡಯಾಲಿಸಿಸ್ ಮಾಡಿಕೊಳ್ಳುವವರು ಇನ್ನೂ ಎಚ್ಚರವಾಗಿರಬೇಕು. ಐಕೋಡೆಕ್ಸ್‌ಟ್ರಿನ್ ಎಂಬ, ಅವರಲ್ಲಿ ಕೆಲವರು ಬಳಸುವ ದ್ರಾವಣ ದೇಹದಲ್ಲಿ ಮಾಲ್ಟೋಸ್ ಎಂಬ ಬೇರೆ ಬಗೆಯ ಸಕ್ಕರೆ ಆಗುತ್ತದೆ, ಜಿಡಿಎಚ್-ಪಿಕ್ಯೂಕ್ಯೂ ಎಂಬ ಕಿಣ್ವದ ಸ್ಟ್ರಿಪ್‌ಗಳು ಅದನ್ನೂ ಗ್ಲೂಕೋಸ್ ಎಂದೇ ಎಣಿಸುತ್ತವೆ. ನಿಜವಾದ ಸಕ್ಕರೆ ಪಾತಾಳದಲ್ಲಿದ್ದರೂ ಮೀಟರ್ ಇನ್ನೂರು ತೋರಿಸಬಹುದು. ಅದನ್ನು ನಂಬಿ ಇನ್ಸುಲಿನ್ ಕೊಟ್ಟು ಸಾವುಗಳೂ ಆಗಿವೆ, ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2009ರಲ್ಲಿ ಈ ಬಗ್ಗೆ ಎಚ್ಚರಿಕೆ ಹೊರಡಿಸಿತ್ತು. ನಿಮ್ಮ ಸ್ಟ್ರಿಪ್ ಯಾವ ಬಗೆಯದೆಂದು ಡಬ್ಬಿಯ ಮೇಲೆ ನೋಡಿ, ಅರ್ಥವಾಗದಿದ್ದರೆ ಡಬ್ಬಿಯನ್ನೇ ಆಸ್ಪತ್ರೆಗೆ ಒಯ್ಯಿರಿ.

ರಾತ್ರಿಯ ಅಲಾರಂ ಬಗ್ಗೆ ನನಗೂ ನನ್ನ ಹೆಂಡತಿಗೂ ಭಿನ್ನಾಭಿಪ್ರಾಯವಿದೆ. ಅವಳಿಗೆ ಅದು ಕಾವಲು, ನನಗೆ ಕಾಟ. ಸಕ್ಕರೆ ನಿಜಕ್ಕೂ ಇಳಿದಾಗ ಮಾತ್ರ ನಾನು ತೆಪ್ಪಗಿರುತ್ತೇನೆ. ಮೊದಲೆಲ್ಲ ಹಣ್ಣಿನ ರಸ ಕುಡಿಯುತ್ತಿದ್ದೆ. ಅದರಲ್ಲಿ ನಮ್ಮಂಥವರಿಗೆ ಆಗದ ಪೊಟ್ಯಾಸಿಯಂ ಇರುತ್ತದೆ, ನೀರಿನ ಲೆಕ್ಕಕ್ಕೂ ಸೇರುತ್ತದೆ. ಈಗ ದಿಂಬಿನ ಪಕ್ಕ ಗ್ಲೂಕೋಸ್ ಮಾತ್ರೆಗಳ ಡಬ್ಬಿ ಇದೆ.

ಹೊಸ ಬಿಲ್ಲೆಯನ್ನು ಡಯಾಲಿಸಿಸ್ ಮುಗಿದ ದಿನ ಹಾಕಿಕೊಳ್ಳಬೇಡಿ. ರಕ್ತ ಹೆಪ್ಪುಗಟ್ಟದಂತೆ ಕೊಡುವ ಹೆಪಾರಿನ್ ಇನ್ನೂ ರಕ್ತದಲ್ಲಿರುತ್ತದೆ. ನನಗೊಮ್ಮೆ ಅಂಗಿಯ ತೋಳು ತೊಯ್ದು, ಬಿಲ್ಲೆಯ ನಡುವಿನ ರಂಧ್ರದಲ್ಲಿ ರಕ್ತ ಹೆಪ್ಪುಗಟ್ಟಿ, ಎರಡು ದಿನ ಬಾಯಿಗೆ ಬಂದ ಅಂಕಿ ಹೇಳಿತು. ಬಿಡುವಿನ ದಿನದ ಬೆಳಿಗ್ಗೆ ಒಳ್ಳೆಯದು. ಅಂಟಿನ ಕಡಿತ ಎಲ್ಲರಿಗೂ ಇರುವುದೇ. ಮೊದಲೇ ಒಣಗಿ ತುರಿಸುವ ನಮ್ಮ ಚರ್ಮಕ್ಕೆ ತುಸು ಹೆಚ್ಚು.

ನಮ್ಮಂತೆ ಸಕ್ಕರೆ ಕುಸಿಯುವ ಅಪಾಯ ಹೆಚ್ಚಿರುವವರು ದಿನದ ಅರ್ಧಕ್ಕಿಂತ ಹೆಚ್ಚು ಹೊತ್ತು 70ರಿಂದ 180ರೊಳಗೆ ಇದ್ದರೆ ಸಾಕು, 70ಕ್ಕಿಂತ ಕೆಳಗೆ ಶೇ 1ನ್ನೂ ಮೀರಬಾರದು ಎಂಬುದು 2019ರ ಅಂತರರಾಷ್ಟ್ರೀಯ ಒಮ್ಮತದ ಗುರಿ. ನನ್ನದು ಶೇ 41ರಿಂದ 63ಕ್ಕೆ ಬಂದಿದೆ, ಕೆಳಗಿನ ಪಾಲು ಶೇ 6ರಿಂದ ಒಂದರ ಹತ್ತಿರಕ್ಕೆ. ಈ ನಡುವೆ ಎಚ್‌ಬಿಎ1ಸಿ ಮತ್ತೆ ಮಾಡಿಸಿದರು. ಶೇ 6.2.

ಮನೆಯಲ್ಲಿನ ಬಳಕೆಗೆ ಐದಕ್ಕೆ ನಾಲ್ಕೂವರೆ ಕೊಡುತ್ತೇನೆ. ಕುರ್ಚಿಯ ಮೇಲಿನ ನಾಲ್ಕು ಗಂಟೆಗಳಿಗೆ ಎರಡು. ಮಡಚಿದ ಆ ಹಾಳೆಗೆ ಸೊನ್ನೆ.